ಬಣ್ಣದೆಲೆಯ ಪೂರ್ವಕಥೆ

ನಮ್ಮ ಹಿರಿಯರ ಮನೆಯಂಗಳದಲ್ಲಿ ಕೆಲಸವಿಲ್ಲದ ಗಿಡಕ್ಕೆ ಎಡೆಯಿರಲಿಲ್ಲ. ತುಳಸಿ ವೃಂದಾವನದಲ್ಲಿ ನಿಂತು ಪೂಜೆಗೊಳ್ಳುತ್ತಿತ್ತು. ಬಚ್ಚಲ ನೀರು ಹರಿಯುವೆಡೆಯಲ್ಲಿ ಕೆಸುವು ಹಬ್ಬಿ ಪತ್ರೊಡೆಗೆ ಒದಗುತ್ತಿತ್ತು. ಬಾವಿಕಟ್ಟೆಯ ಮಗ್ಗುಲ ದೊಡ್ಡಪತ್ರೆ ಒಂದು ದಿನ ತಂಬುಳಿಯಾಗಿಯೂ ಇನ್ನೊಂದು ದಿನ ಕೂಸಿನ ಕೆಮ್ಮಿಗೆ ರಸವಾಗಿಯೂ ಸಲ್ಲುತ್ತಿತ್ತು. ಮಲ್ಲಿಗೆ, ಮರುಗ, ದವನಗಳು ದೇವರ ತಲೆಗೂ ಹೆಂಗಸರ ಮುಡಿಗೂ ಸಮನಾಗಿ ಹಂಚಿಹೋಗುತ್ತಿದ್ದುವು. ಎಲೆಗೆ ನಮ್ಮಲ್ಲಿ ಮರ್ಯಾದೆ ಕಡಿಮೆಯಿತ್ತೆಂದಲ್ಲ: ಶಿವನಿಗೆ ಬಿಲ್ವ, ಗಣಪತಿಗೆ ಇಪ್ಪತ್ತೊಂದು ಬಗೆಯ ಪತ್ರೆ, ಬಾಗಿಲಿಗೆ ಮಾವಿನ ತೋರಣ, ಊಟಕ್ಕೆ ಬಾಳೆ, ಊಟದ ಮೇಲೆ ವೀಳ್ಯ. ಆದರೆ ಮುಡಿಯಲು ಬಾರದ, ಮೂಸಿದರೆ ಕಂಪಿಲ್ಲದ, ತಿನ್ನಲಾಗದ, ದೇವರಿಗೆ ಏರಿಸುವ ವಾಡಿಕೆಯಿಲ್ಲದ ಎಲೆಯೊಂದನ್ನು ಕೇವಲ ಅದರ ವರ್ಣಕ್ಕಾಗಿ ಮಣ್ಣಿನ ಕುಂಡದಲ್ಲಿ ನೆಟ್ಟು, ನೀರೆರೆದು, ಬಂದವರ ಕಣ್ಣಿಗೆ ಬೀಳುವಂತೆ ಮನೆಯ ಮುಂದೆ ಸಾಲಿಡುವ ಪದ್ಧತಿ ನಮ್ಮದಾಗಿರಲಿಲ್ಲ. ಇಂದು ಬೆಂಗಳೂರಿನ ಯಾವ ಬೀದಿಯಲ್ಲಿ ತಲೆಯೆತ್ತಿ ನೋಡಿದರೂ ಬಾಲ್ಕನಿಯ ಕಂಬಿಗಳ ಹಿಂದೆ ಕೆಂಪು, ಹಳದಿ, ಊದಾ ಬಣ್ಣದ ಎಲೆಗಳು ಕಾಣುತ್ತವೆ. ಅವನ್ನು ಇಟ್ಟವರು ಅವುಗಳನ್ನು ಈ ನೆಲದವೆಂದೇ ಬಗೆದಿರುತ್ತಾರೆ. ಈ ಎಲೆಗಳು ಬಂದ ದಾರಿ ದೀರ್ಘವಾದದ್ದು. ಅರ್ಧ ಲೋಕವನ್ನು ಸುತ್ತಿ, ತಮಗೆ ಸಹಜವಲ್ಲದ ಚಳಿಯ ದೇಶದಲ್ಲಿ ಗಾಜಿನ ಸೆರೆಯನ್ನು ಅನುಭವಿಸಿ, ಆಮೇಲೆ ತಮ್ಮ ಬಿಸಿಲಿಗೆ ಮರಳಿದ ದಾರಿ ಅದು.

ಅಪರಿಚಿತವಾಗಿ ತೋರಿದ ಈ ಅತಿಥಿಗಳಲ್ಲಿ ಕೆಲವಕ್ಕೆ ನಮ್ಮ ಹಿತ್ತಲಲ್ಲಿ ಆಗಲೇ ನೆಂಟರಿದ್ದರು. ಮಖಮಲ್ಲಿನಂಥ ಎಲೆಯಲ್ಲಿ ಕೆಂಪು ಹಸುರುಗಳನ್ನು ಕಲಸಿಟ್ಟ ಕೋಲಿಯಸ್ ದೊಡ್ಡಪತ್ರೆಯ ಕುಲದ್ದೇ. ಚೌಕವಾದ ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ಎರಡಕ್ಕೂ ಇರುವ ಹೋಲಿಕೆ ಕಣ್ಣು ಮುಚ್ಚಿದ್ದರೂ ತಿಳಿಯುತ್ತದೆ. ಬ್ರೆಜಿಲಿನ ಕಾಡಂಚಿನ ಕೆಲಾಡಿಯಂ ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಮುಂಗಾರಿನ ತೇವಕ್ಕೆ ಗೆಡ್ಡೆಯಿಂದ ಸುರುಳಿಯಾಗಿ ಎದ್ದು, ಚಳಿಗಾಲದಲ್ಲಿ ನೆಲದೊಳಗೆ ಅಡಗಿ ಮಲಗುವ ಅದರ ನಡತೆ ಕೆಸುವನ್ನು ಬಲ್ಲ ಮಲೆನಾಡಿಗನಿಗೆ ಹೊಸದಲ್ಲ. ಆದರೆ ಈ ಕಥೆಯ ನಾಯಕನೆನ್ನಬಹುದಾದ ಕ್ರೋಟನ್ನು ಮಾತ್ರ ಮಲಕ್ಕಾ ಪ್ರಾಂತ್ಯದಿಂದಾಚೆ, ಜಾಯಿಕಾಯಿ ಲವಂಗಗಳ ತವರಾದ ಮೊಲುಕ್ಕಾ ದ್ವೀಪಗಳಿಂದ ಹಿಡಿದು ಪೆಸಿಫಿಕ್ ಸಾಗರದ ಪಶ್ಚಿಮ ದ್ವೀಪಗಳವರೆಗೆ ತಾನೇ ತಾನಾಗಿ ಬೆಳೆಯುತ್ತಿದ್ದ ಗಿಡ.

ಐರೋಪ್ಯರಿಗೆ ಅದನ್ನು ಮೊದಲು ವಿವರವಾಗಿ ತಿಳಿಸಿದವನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ಹೇಳಬೇಕು. ಗೇಯೋರ್ಗ್ ಎಬರ್ಹಾರ್ಡ್ ರುಂಫಿಯಸ್ ಎಂಬ ಜರ್ಮನ್ ಸಂಜಾತನು ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ನೌಕರನಾಗಿ ಅಂಬೋಯ್ನಾ ದ್ವೀಪಕ್ಕೆ ಹೋಗಿ, ವ್ಯಾಪಾರದ ಲೆಕ್ಕಪತ್ರಗಳ ನಡುವೆ ಆ ದ್ವೀಪದ ಗಿಡಮೂಲಿಕೆಗಳನ್ನು ಒಂದೊಂದಾಗಿ ವರ್ಣಿಸಿ ಬರೆಯತೊಡಗಿದನು. 1670ರಲ್ಲಿ ಅವನ ಕಣ್ಣು ಹೋಯಿತು. ನಾಲ್ಕು ವರ್ಷಗಳ ಬಳಿಕ ಭೂಕಂಪದಲ್ಲಿ ಹೆಂಡತಿಯೂ ಮಗಳೂ ತೀರಿಕೊಂಡರು. 1687ರಲ್ಲಿ ಊರಿಗೆ ಬಿದ್ದ ಬೆಂಕಿಯಲ್ಲಿ ಚಿತ್ರಗಳು ಸುಟ್ಟವು. ಮತ್ತೆ ಬರೆಯಿಸಿ, ಹೇಳಿ ಬರೆಸಿ, ಕಟ್ಟಿ ಹಡಗಿಗೇರಿಸಿದ ಹಸ್ತಪ್ರತಿ 1692ರಲ್ಲಿ ಫ್ರೆಂಚರ ದಾಳಿಗೆ ಸಿಕ್ಕಿ ಸಮುದ್ರದ ಪಾಲಾಯಿತು. ಪುಣ್ಯಕ್ಕೆ ಅದರ ಪ್ರತಿಯೊಂದನ್ನು ಮಾಡಿಸಿಟ್ಟಿದ್ದರು. ಇಷ್ಟೆಲ್ಲ ಆದ ಮೇಲೂ ಕಂಪೆನಿಯ ದೊರೆಗಳು ವ್ಯಾಪಾರದ ಗುಟ್ಟು ಹೊರಬಿದ್ದೀತೆಂದು ಗ್ರಂಥವನ್ನು ಅಚ್ಚಿಗೆ ಕೊಡದೆ ಇಟ್ಟುಕೊಂಡರು. 1702ರಲ್ಲಿ ಗ್ರಂಥಕರ್ತನು ಕಾಲವಾಗಿ, 1741ರಲ್ಲಿ ಅದರ ಪ್ರಕಟಣೆ ಆರಂಭವಾಯಿತು. ನೋಟವೊಂದರಿಂದಲೇ ಬೆಲೆ ಪಡೆಯುವ ಗಿಡದ ವರ್ಣನೆಯನ್ನೊಳಗೊಂಡ ಗ್ರಂಥವು ಕುರುಡನೊಬ್ಬನ ಹಟದಿಂದ ಪೂರೈಸಿತೆಂಬುದನ್ನು ನೆನೆದಾಗ, ಪಾಂಡಿತ್ಯಕ್ಕೆ ಮೀರಿದ ಏನೋ ಒಂದು ಗುಣಕ್ಕೆ ಕೈಮುಗಿಯಬೇಕೆನಿಸುತ್ತದೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನ್ನೇಯಸನು ಆ ಗಿಡಕ್ಕೆ ಕ್ರೋಟನ್ ಎಂಬ ಹೆಸರಿಟ್ಟನು. ಮುಂದಿನ ಶತಮಾನದ ವಿದ್ವಾಂಸರು ಆ ಕುಲದಿಂದ ಅದನ್ನು ಬೇರ್ಪಡಿಸಿದರಾದರೂ ತೋಟದ ಮಾಲಿಗಳು ವಿದ್ವಾಂಸರ ತೀರ್ಪಿಗೆ ಕಾದು ಕುಳಿತವರಲ್ಲ. ಹಳೆಯ ಹೆಸರೇ ನಿಂತಿತು.

ಹೆಸರು ಬಂದರೂ ಗಿಡ ಇನ್ನೂ ಹೊರಡಬೇಕಾಗಿತ್ತು. ಹಡಗಿನ ಅಟ್ಟದ ಮೇಲೆ ಉಪ್ಪುಗಾಳಿಗೆ ಮೈಯೊಡ್ಡಿ, ಕುಡಿಯುವ ನೀರಿನ ಕೊರತೆಯಲ್ಲಿ ತಿಂಗಳುಗಟ್ಟಲೆ ಸಾಗಬೇಕಾದ ಎಳೆಯ ಸಸಿಗಳಲ್ಲಿ ಬದುಕಿ ದಡ ಮುಟ್ಟುತ್ತಿದ್ದವು ತೀರ ಅಲ್ಪ. ಇದಕ್ಕೆ ಪರಿಹಾರ ಸಿಕ್ಕಿದ್ದು ಆಕಸ್ಮಿಕವಾಗಿ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡನು 1829ರಲ್ಲಿ ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯೊಳಗೆ ಒದ್ದೆ ಮಣ್ಣಿನಲ್ಲಿ ಇಟ್ಟಿರಲು, ಆ ಮಣ್ಣಿನಿಂದ ಜರಿಗಿಡವೊಂದು ತಾನಾಗಿ ಮೊಳೆತು, ಹಗಲು ಆವಿಯಾದ ನೀರು ಗಾಜಿಗೆ ತಗುಲಿ ಮರಳಿ ಮಣ್ಣಿಗಿಳಿಯುವ ಕ್ರಮದಿಂದಲೇ ಬದುಕಿತು. 1833ರಲ್ಲಿ ಗಾಜಿನ ಎರಡು ಪೆಟ್ಟಿಗೆಗಳಲ್ಲಿ ಸಸಿಗಳನ್ನು ಮುಚ್ಚಿ ಸಿಡ್ನಿಗೆ ಕಳಿಸಲಾಗಿ ಅವು ಹಸುರಾಗಿಯೇ ತಲಪಿದುವು. ಚಹಾ, ಸಿಂಕೋನ, ರಬ್ಬರುಗಳನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಸಾಗಿಸಿ ಸಾಮ್ರಾಜ್ಯಗಳ ಬೊಕ್ಕಸ ತುಂಬಿದ್ದು ಈ ಪೆಟ್ಟಿಗೆಯೇ. ಅಲಂಕಾರದ ಎಲೆಗಳು ಆ ದೊಡ್ಡ ವಾಣಿಜ್ಯದ ಅಂಚಿನಲ್ಲಿ ಕುಳಿತು ಬಂದ ಪ್ರಯಾಣಿಕರು. 1845ರಲ್ಲಿ ಇಂಗ್ಲೆಂಡಿನ ಸರಕಾರವು ಗಾಜಿನ ಮೇಲಣ ಸುಂಕವನ್ನು ತೆಗೆದುಹಾಕಿತು, ಕಲ್ಲಿದ್ದಲು ಹೇರಳವಾಗಿತ್ತು, ಶ್ರೀಮಂತರ ತೋಟಗಳಲ್ಲೆಲ್ಲ ಬಿಸಿನೀರಿನ ಕೊಳವೆ ಹಾಯಿಸಿದ ಗಾಜಿನ ಮನೆಗಳೆದ್ದುವು. ಮಂಜು ಮುಸುಕಿದ ಆ ದೇಶದ ಚಳಿಗಾಲದಲ್ಲಿ ಹೂವನ್ನು ಅರಳಿಸುವುದು ಕಷ್ಟ. ಬಣ್ಣದೆಲೆಯಾದರೋ ವರ್ಷವೆಲ್ಲ ಇದ್ದಂತೆಯೇ ಇರುತ್ತದೆ. ಎಲೆಯ ಮೋಹ ಹುಟ್ಟಿದ್ದು ಹೀಗೆ, ಹೂವಿನ ಅಭಾವದಲ್ಲಿ ಎಂದು ನನ್ನ ಎಣಿಕೆ.

ಮೋಹವೆಂಬ ಮಾತು ಇಲ್ಲಿ ಅತಿಶಯವಲ್ಲ. ಚೆಲ್ಸಿಯ ವೀಚ್ ಮನೆತನದ ಸಸ್ಯವ್ಯಾಪಾರಿಗಳು ತಮ್ಮ ಕುಲಪುತ್ರನಾದ ಜಾನ್ ಗೂಲ್ಡ್ ವೀಚನನ್ನೇ ದಕ್ಷಿಣ ಸಮುದ್ರದ ದ್ವೀಪಗಳಿಗೆ ಕಳಿಸಿದರು. 1865ರ ಸುಮಾರಿನಲ್ಲಿ ಕ್ಯುರಾಸೋವ ಎಂಬ ಯುದ್ಧನೌಕೆಯಲ್ಲಿ ಸಂಚರಿಸಿದ ಆತ ತಂದ ಕ್ರೋಟನ್ನು, ಕಾರ್ಡಿಲೈನು, ಅಕಲೀಫಗಳ ತಳಿಗಳು ಲಂಡನ್ನಿನ ಪ್ರದರ್ಶನಗಳಲ್ಲಿ ಬೆರಗು ಹುಟ್ಟಿಸಿದುವು. ಆತನಾದರೋ ಕ್ಷಯಕ್ಕೆ ತುತ್ತಾಗಿ ಮೂವತ್ತೊಂದನೆಯ ವಯಸ್ಸಿನಲ್ಲಿ, 1870ರಲ್ಲಿ ತೀರಿಕೊಂಡನು. ಆತ ಸಂಚರಿಸಿದ ದಶಕದಲ್ಲಿಯೇ ಜಾವಾದಿಂದ ಬಂದ ಕೋಲಿಯಸ್ಸನ್ನು ಚಿಸ್ವಿಕ್ಕಿನ ತೋಟದಲ್ಲಿ ಸಂಕರಗೊಳಿಸಿ ಪಡೆದ ಹೊಸ ಬಣ್ಣಗಳು ಹರಾಜಿನಲ್ಲಿ ಚಿನ್ನದ ಗಿನ್ನಿಗಳಿಗೆ ಬಿಕರಿಯಾದುವು. ಅಸ್ಸಾಮಿನ ಕಾಡಿನ ಬಿಗೋನಿಯವೊಂದು, ಬೆಳ್ಳಿಯ ಬಳೆ ತೊಡಿಸಿದಂಥ ಎಲೆಯುಳ್ಳದ್ದು, ಬೆಲ್ಜಿಯಮ್ಮಿಗೆ ಹೋಗಿ ರೆಕ್ಸ್, ಅಂದರೆ ದೊರೆ, ಎಂಬ ಬಿರುದನ್ನು ಹೊತ್ತಿತು. ನಮ್ಮದೇ ದೇಶದ ಗಿಡಕ್ಕೆ ಪಟ್ಟಾಭಿಷೇಕವಾದದ್ದು ಪರದೇಶದಲ್ಲಿ; ನಾವು ಅದನ್ನು ಕೊಂಡುತಂದದ್ದು ಅಲ್ಲಿಂದಲೇ.

ಮರಳಿ ಬರುವ ದಾರಿ ಸಸ್ಯೋದ್ಯಾನಗಳ ಮೂಲಕ ಹಾದುಬಂತು. 1820ರಲ್ಲಿ ವಿಲಿಯಂ ಕ್ಯಾರಿ ಕಲ್ಕತ್ತೆಯಲ್ಲಿಯೂ, 1835ರಲ್ಲಿ ಮದರಾಸಿನ ಕೆಲವು ಗೃಹಸ್ಥರು ತಮ್ಮ ಊರಿನಲ್ಲಿಯೂ ಸ್ಥಾಪಿಸಿದ ಕೃಷಿ–ತೋಟಗಾರಿಕೆ ಸಂಘಗಳು ಸಸಿಬೀಜಗಳ ವಿನಿಮಯಕ್ಕೆ ಕೇಂದ್ರಗಳಾಗಿದ್ದುವು. ನಮ್ಮ ಸೀಮೆಗೆ ಆ ಕೆಲಸ ಮಾಡಿದ್ದು ಲಾಲ್‌ಬಾಗು. 1760ರಲ್ಲಿ ಹೈದರಲಿ ಶಿರಾದ ಮೊಗಲ್ ತೋಟದ ಮಾದರಿಯಲ್ಲಿ ಆರಂಭಿಸಿ, ಟಿಪ್ಪು ದೂರದೇಶಗಳಿಂದ ಗಿಡ ತರಿಸಿ ಬೆಳೆಸಿದ ಆ ತೋಟವು 1799ರ ಬಳಿಕ ಕೈಯಿಂದ ಕೈಗೆ ಹೋಗಿ, 1856ರಲ್ಲಿ ಸರಕಾರದ ಉದ್ಯಾನವಾಯಿತು. ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಎಂಬಾತ ಬಂದು ಅದನ್ನು ಕ್ರಮಕ್ಕೆ ತಂದನು. ಅನಂತರ 1874ರಿಂದ 1908ರವರೆಗೆ, ಒಂದು ತಲೆಮಾರಿನಷ್ಟು ಕಾಲ, ಜಾನ್ ಕೆಮರನ್ನನ ಆಡಳಿತ. ನಮ್ಮ ಅಡಿಗೆಮನೆಗೆ ಸೀಮೆಬದನೆಯನ್ನು ಪರಿಚಯಿಸಿದ ಈತನನ್ನು ಗೃಹಿಣಿಯರು ತಿಳಿಯದೆಯೇ ನಿತ್ಯ ನೆನೆಯುತ್ತಾರೆ. ಬಣ್ಣದ ಗಿಡಗಳ ವಿಷಯದಲ್ಲಿಯೂ ಆತನ ಉಪಕಾರ ಸಣ್ಣದಲ್ಲ.

ಅವನ ಕಾಲದಲ್ಲಿಯೇ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರನು ಗಾಜಿನ ಮನೆಗೆ ಅಸ್ತಿಭಾರವಿಟ್ಟದ್ದು. ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದ ಕಾರ್ಖಾನೆಯಿಂದ ಬಂದುವು. ಇಲ್ಲಿ ಒಂದು ವಿನೋದವುಂಟು: ಇಂಗ್ಲೆಂಡಿನಲ್ಲಿ ಗಾಜಿನ ಮನೆ ಕಟ್ಟುವುದು ಉಷ್ಣದೇಶದ ಬಿಸಿಯನ್ನು ಕೃತಕವಾಗಿ ಹಿಡಿದಿಡುವುದಕ್ಕೆ, ಬೆಂಗಳೂರಿನಲ್ಲಿ ಹಿಡಿದಿಡಬೇಕಾದ ಬಿಸಿ ಯಾವುದೂ ಇರಲಿಲ್ಲ, ಏಕೆಂದರೆ ಬೇಕಾದ ಬಿಸಿಲು ಹೊರಗೇ ಬಿದ್ದಿತ್ತು. ಗಿಡಗಳನ್ನು ಬದುಕಿಸಲು ಹುಟ್ಟಿದ ವಾಸ್ತು ಇಲ್ಲಿ ಅವನ್ನು ಪ್ರದರ್ಶಿಸುವ ಮಂಟಪವಾಯಿತು. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಕ್ರೋಟನ್ ಕುಂಡಗಳು ಮೆಟ್ಟಿಲುಮೆಟ್ಟಿಲಾಗಿ ಏರಿ ನಿಂತಾಗ, ಹಳ್ಳಿಯಿಂದ ಬಂದ ರೈತನೂ ದಂಡಿನ ದೊರೆಸಾನಿಯೂ ಒಂದೇ ಸಾಲಿನ ಮುಂದೆ ನಿಂತು ನೋಡುವಂತಾಯಿತು. ಈಚೆಗೆ ಆ ಪ್ರದರ್ಶನಗಳಲ್ಲಿ ಕತ್ತರಿಸಿದ ಹೂಗಳನ್ನು ಚುಚ್ಚಿ ಗೋಪುರ, ಅರಮನೆಗಳನ್ನು ಮಾಡುವ ಚಪಲ ಹೆಚ್ಚಿದೆ. ಜನ ಅದಕ್ಕೇ ಮುಗಿಬೀಳುತ್ತಾರೆ. ಬೇರಿರುವ ಒಂದು ಕುಂಡ ಬೇರಿಲ್ಲದ ಆ ಅರಮನೆಗಿಂತ ಮಿಗಿಲೆಂಬುದು ನನ್ನ ಹಟ.

ಕುಂಡವೆಂದೆನಷ್ಟೆ, ನೆಲವಿದ್ದೂ ಕುಂಡದಲ್ಲೇಕೆ ಬೆಳೆಸಿದರೆಂಬ ಪ್ರಶ್ನೆಗೆ ಉತ್ತರ ಸಸ್ಯಶಾಸ್ತ್ರದಲ್ಲಿಲ್ಲ, ಸರಕಾರಿ ನೌಕರಿಯ ನಿಯಮದಲ್ಲಿದೆ. 1809ರಿಂದ ಬೆಳೆದ ದಂಡುಪ್ರದೇಶದ ಬಂಗಲೆಗಳಲ್ಲಿ ಇಂದು ಇದ್ದ ಅಧಿಕಾರಿ ನಾಳೆ ಸಿಕಂದರಾಬಾದಿಗೋ ಮದರಾಸಿಗೋ ವರ್ಗವಾಗುವವನು. ಬಾಡಿಗೆಯ ನೆಲದಲ್ಲಿ ನೆಟ್ಟದ್ದು ಮುಂದೆ ಬರುವವನ ಪಾಲು. ಕುಂಡದಲ್ಲಿ ನೆಟ್ಟದ್ದನ್ನಾದರೆ ಕುರ್ಚಿ ಮೇಜುಗಳೊಡನೆ ಮಾರಿಹೋಗಬಹುದು. ಹೀಗೆ ವರಾಂಡದ ಅಂಚು, ಪೋರ್ಟಿಕೋದ ಮೆಟ್ಟಿಲು, ಕಾರಿಡಾರಿನ ಗೋಡೆಗಳ ಉದ್ದಕ್ಕೂ ಗೇರುಬಣ್ಣ ಬಳಿದ ಕುಂಡಗಳ ಪಡೆ ನಿಂತಿತು. ಎತ್ತಿ ಇಡುವವರು, ಬಿಸಿಲಿಗೂ ನೆರಳಿಗೂ ಹೊಂದಿಸುವವರು, ಮಣ್ಣು ಬದಲಿಸುವವರು ಇಲ್ಲಿನ ಮಾಲಿಗಳು. ಲಾಲ್‌ಬಾಗಿನ ಮಣ್ಣನ್ನು ತಲೆಮಾರುಗಳಿಂದ ಬಲ್ಲ ತಿಗಳರು, ಹಿಂದೆ ಸೊಪ್ಪು ತರಕಾರಿಗಳನ್ನೂ ಹೂವನ್ನೂ ಬೆಳೆದು ಪೇಟೆಗೆ ಕೊಟ್ಟವರು, ಈ ಪರದೇಶಿ ಗಿಡಗಳ ಮರ್ಮವನ್ನೂ ಬೇಗನೆ ಅರಿತರು. ಲಾಲ್‌ಬಾಗಿನ ಮಗ್ಗುಲ ಸಿದ್ದಾಪುರದ ನರ್ಸರಿಗಳು ಆ ವಿದ್ಯೆಯ ಫಲ. ಕಡಾಯಿ, ಹರವಿಗಳನ್ನು ತಿಗರಿಯ ಮೇಲೆ ಎತ್ತುತ್ತಿದ್ದ ಕುಂಬಾರನು ತಳದಲ್ಲಿ ತೂತುಳ್ಳ ಪಾತ್ರೆಯನ್ನು ಬೇಕೆಂದೇ ಮಾಡಬೇಕಾಗಿ ಬಂದದ್ದು ಅವನ ವೃತ್ತಿಯಲ್ಲಿ ಹೊಸ ಅಧ್ಯಾಯ. ಕೆರೆಯಂಗಳದ ಜೇಡಿಯಲ್ಲಿ ಸುಟ್ಟ ಆ ಕುಂಡದ ಮೈ ಉಸಿರಾಡುತ್ತದೆ. ಹೆಚ್ಚಿನ ತೇವ ಗೋಡೆಯ ಮೂಲಕವೇ ಹೊರಬೀಳುತ್ತದೆ.

ದಂಡಿನ ಕುಂಡ ಊರಿನ ಜಗಲಿಯನ್ನು ಹತ್ತಿದ್ದು ಒಂದು ಆಪತ್ತಿನ ದೆಸೆಯಿಂದ. 1898ರ ಪ್ಲೇಗಿನ ಅನಂತರ ಹಳೆಯ ಪೇಟೆಯ ಇಕ್ಕಟ್ಟಿನಿಂದ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಬಂದ ವಕೀಲರು, ಮೇಷ್ಟರು, ಅಠಾರ ಕಚೇರಿಯ ಗುಮಾಸ್ತರು ಮನೆಯ ಮುಂದೆ ಒಂದಿಷ್ಟು ಜಾಗವನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಪಡೆದರು. ಹಿತ್ತಲಲ್ಲಿ ಕರಿಬೇವು, ದಾಸವಾಳ, ತೆಂಗು ಹಿಂದಿನಂತೆಯೇ ಉಳಿದುವು. ಮುಂಭಾಗಕ್ಕೆ ಬಂಗಲೆಯ ಅನುಕರಣೆಯಲ್ಲಿ ಕ್ರೋಟನ್ ಬಂತು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವು ಬರೋಡೆಯಿಂದ ಕರೆಸಿಕೊಂಡ ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗೆಲ್ಲರು ಬೀದಿಗಳಿಗೆ ಹೂಮರಗಳ ಸಾಲನ್ನು ಯೋಜಿಸಿದ ಕೀರ್ತಿವಂತರು. ಅವರ ಕಾಲದಲ್ಲಿ, 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕೆ ಸಂಘವು ಮನೆಯ ತೋಟಗಳಿಗೂ ಕುಂಡಗಳಿಗೂ ಸ್ಪರ್ಧೆಯೇರ್ಪಡಿಸಿ, ಗೃಹಸ್ಥರಲ್ಲಿ ಆರೋಗ್ಯಕರವಾದ ಹೊಟ್ಟೆಕಿಚ್ಚನ್ನು ಬೆಳೆಸಿತು. ಅವರ ತರುವಾಯ ಲಾಲ್‌ಬಾಗಿನ ಹೊಣೆಗೆ ಬಂದ ಜವರಾಯರು, ಮತ್ತು 1951ರಿಂದ ಮುಂದೆ ಮರೀಗೌಡರು, ಸರಕಾರಿ ಸಸ್ಯಕ್ಷೇತ್ರಗಳನ್ನು ಜಿಲ್ಲೆಜಿಲ್ಲೆಗೂ ಹರಡಿದರು. ಬೇಲಿಯಾಚೆಯಿಂದ ಬೇಡಿ ಪಡೆದ ಒಂದು ಕಡ್ಡಿ, ಖಾಲಿ ಡಾಲ್ಡಾ ಡಬ್ಬದ ತಳಕ್ಕೆ ಮೊಳೆಯಿಂದ ಹೊಡೆದ ಮೂರು ತೂತು: ವಠಾರದ ಮನೆಗಳಲ್ಲಿ ಇಷ್ಟೇ ಬಂಡವಾಳದಿಂದ ಈ ಹವ್ಯಾಸ ನಡೆಯಿತು. ಮಹಡಿಯ ಮೇಲೆ ಮಹಡಿ ಎದ್ದ ಮೇಲೆ ಜಗಲಿಯೇ ಬಾಲ್ಕನಿಯಾಗಿ ಮೇಲಕ್ಕೆ ಹೋಯಿತು. ಕುಂಡವೂ ಜೊತೆಯಲ್ಲಿ ಹೋಯಿತು.

ಬಾಲ್ಕನಿ ಇವಕ್ಕೆ ಒಗ್ಗುವುದೇಕೆಂಬುದಕ್ಕೂ ಕಾರಣವುಂಟು. ಕ್ರೋಟನ್ನಿನ ಎಲೆಯಲ್ಲಿ ಹಸುರಿನ ಜೊತೆಗೆ ಹಳದಿಯನ್ನೂ ಕೆಂಪನ್ನೂ ಕೊಡುವ ಬೇರೆ ಬೇರೆ ವರ್ಣದ್ರವ್ಯಗಳಿವೆ. ಬೆಳಕು ಚೆನ್ನಾಗಿದ್ದರೆ ಆ ಬಣ್ಣಗಳು ಮೇಲಾಗುತ್ತವೆ, ಬೆಳಕು ಕುಂದಿದರೆ ಗಿಡವು ಇದ್ದಷ್ಟು ಬೆಳಕನ್ನು ಹಿಡಿಯುವುದಕ್ಕಾಗಿ ಹಸುರನ್ನೇ ಹೆಚ್ಚಿಸಿಕೊಳ್ಳುತ್ತದೆ. ಒಳಕೋಣೆಯ ಮೂಲೆಯಲ್ಲಿಟ್ಟ ಕ್ರೋಟನ್ ಸಾಯದಿರಬಹುದು, ಆದರೆ ಮಾಸಿಹೋಗುತ್ತದೆ. ಮೂಡಣ ಬಾಲ್ಕನಿಯ ಎಳೆಬಿಸಿಲು ಕೋಲಿಯಸ್ಸಿಗೆ ಸಾಕು; ಪಡುವಣದ ಮಧ್ಯಾಹ್ನದ ಉರಿಯನ್ನು ಕ್ರೋಟನ್ ಮಾತ್ರ ತಾಳಬಲ್ಲದು. ಕೋಲಿಯಸ್ಸಿನಲ್ಲಿ ಹೂವಿನ ತೆನೆ ಕಂಡಕೂಡಲೆ ಚಿವುಟಿಬಿಡಬೇಕು, ಇಲ್ಲದಿದ್ದರೆ ಎಲೆ ಬಡವಾಗುತ್ತದೆ. ಎಲೆಗಾಗಿ ಹೂವನ್ನು ಚಿವುಟುವ ಈ ಕ್ರಮವನ್ನು ಕಂಡಿದ್ದರೆ ಹೂವಿಗಾಗಿ ಬೆಳಗಿನ ಜಾವ ಬುಟ್ಟಿ ಹಿಡಿದು ತಿರುಗುತ್ತಿದ್ದ ನಮ್ಮ ಅಜ್ಜಿಯರು ಏನೆನ್ನುತ್ತಿದ್ದರೋ!

ಹಳೆಯ ಮನೆಗಳ ಮುಂದೆ ಈಗಲೂ ಒಮ್ಮೊಮ್ಮೆ ಕಾಣಸಿಗುವ ಒಂದು ಕ್ರೋಟನ್ನಿದೆ. ಅದರ ಎಲೆ ತೊಟ್ಟಿನಿಂದ ಹೊರಟು ನೀಳವಾಗಿ ಬೆಳೆದು, ನಡುವೆ ಹಠಾತ್ತಾಗಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಎರಡು ಮೂರು ಬೆರಳಷ್ಟು ಬರಿಯ ನರ, ದಾರದಂತೆ. ಆ ದಾರದ ತುದಿಯಲ್ಲಿ ಮತ್ತೊಂದು ಪುಟ್ಟ ಎಲೆ ತೂಗಾಡುತ್ತದೆ. ಎಳೆಯದಾದಾಗ ಹಳದಿ ನರಗಳ ಹಸುರು. ಬಲಿತಂತೆ ನರಕ್ಕೆ ಕೆಂಪೇರಿ, ಬುಡದ ಎಲೆಗಳು ಬಹುಮಟ್ಟಿಗೆ ಕುಂಕುಮ. ಒಂದೇ ಕಡ್ಡಿಯ ಮೇಲೆ ವಯಸ್ಸಿನ ಕ್ರಮದಲ್ಲಿ ಈ ವರ್ಣಗಳೆಲ್ಲ ಮೇಲಿನಿಂದ ಕೆಳಕ್ಕೆ ಜೋಡಿಸಿದಂತಿರುತ್ತವೆ. ಮುರಿದರೆ ಒಸರುವ ರಸ ಬಟ್ಟೆಗೆ ತಗುಲಿತೆಂದರೆ ಅಗಸನ ಕೈಯಲ್ಲೂ ಹೋಗದ ಕಲೆ.

ಇಂಥ ತಳಿಯೊಂದರ ಬೀಜವನ್ನು ಬಿತ್ತಿ ಅದನ್ನೇ ಪಡೆಯುವೆವೆಂಬ ಆಸೆ ವ್ಯರ್ಥ. ಹುಟ್ಟುವ ಸಸಿ ತಾಯಿಯಂತಿರುವುದಿಲ್ಲ. ಆದಕಾರಣ ನೂರೈವತ್ತು ವರ್ಷಗಳಿಂದಲೂ ಈ ಗಿಡಗಳು ಬಾಳಿಬಂದದ್ದು ಕಡ್ಡಿಯಿಂದ ಕಡ್ಡಿಗೆ, ಗೂಟಿಯಿಂದ ಗೂಟಿಗೆ, ಒಬ್ಬ ಮಾಲಿಯ ಕೈಯಿಂದ ಇನ್ನೊಬ್ಬನ ಕೈಗೆ. ಮೊದಲಲ್ಲಿ ಒಂದು ಗಿಡದಲ್ಲಿ ತೋರಿದ ವಿಶೇಷವೇ ಇಂದು ಎಲ್ಲೆಡೆ ಹಂಚಿಹೋಗಿದೆ. ಜಗಲಿಯಲ್ಲಿರುವ ಗಿಡ ಅಂದಿನ ಗಿಡದ ಸಂತಾನವಲ್ಲ, ಅದರ ಅಂಗವೇ ಎಂದರೆ ಹೆಚ್ಚು ಸರಿ. ವಿಕ್ಟೋರಿಯ ರಾಣಿಯ ಕಾಲದ ಸಸ್ಯವ್ಯಾಪಾರಿಗಳ ಪಟ್ಟಿಗಳಲ್ಲಿ ಮೆರೆದ ಅನೇಕ ಕ್ರೋಟನ್ ತಳಿಗಳು ಇಂದು ಹೆಸರು ಮಾತ್ರ. ಕಡ್ಡಿ ನೆಡುವ ಕೈ ಒಂದು ತಲೆಮಾರು ತಪ್ಪಿದ್ದೇ ಸಾಕಾಯಿತು. ಈಗಿನ ರುಚಿ ಬೇರೆಯಾಗಿದೆ. ಕೆಂಪೆಲೆಯ ಅಗ್ಲೋನೀಮಕ್ಕೆ ಬೇಡಿಕೆ. ಅದನ್ನು ಮೊದಲು ಸಾಧಿಸಿದವರು 1980ರ ದಶಕದಲ್ಲಿ ಇಂಡೋನೇಷ್ಯದ ಸಸ್ಯತಜ್ಞ ಗ್ರೆಗೋರಿ ಹಂಬಾಲಿ. ರುಂಫಿಯಸನ ದ್ವೀಪಸ್ತೋಮದಿಂದಲೇ ಎರಡನೆಯ ಅಲೆಯೂ ಬಂದದ್ದು ಸಂತೋಷದ ಸಂಗತಿ. ಪ್ಲಾಸ್ಟಿಕ್ ಕುಂಡ, ತೆಂಗಿನ ನಾರಿನ ಪುಡಿ, ನಗರದ ಅಂಗಡಿಯಲ್ಲಿ ಮುದ್ರಿತ ಬೆಲೆ. ಇವನ್ನು ಹಳಿಯುವ ಮನಸ್ಸು ನನಗಿಲ್ಲ; ಮೇಲಿನ ಮಹಡಿಗೆ ಮಣ್ಣಿನ ಭಾರ ಹೊರಿಸಲಾಗದವರು ಇನ್ನೇನು ಮಾಡಿಯಾರು?

ಆದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮಂಗಳೂರು ಹೆಂಚಿನ ಮನೆಗಳು ವಾರಕ್ಕೊಂದರಂತೆ ಉರುಳುತ್ತಿವೆ. ಬಾಗಿಲು, ಕಿಟಕಿ, ತೇಗದ ತೊಲೆಗಳಿಗೆ ಕೊಳ್ಳುವವರುಂಟು. ಗೇಟಿನ ಬದಿಯ ಮುದಿ ಕ್ರೋಟನ್ನಿಗೆ ಯಾರೂ ಬೆಲೆ ಕಟ್ಟುವುದಿಲ್ಲ, ಅದು ಇಟ್ಟಿಗೆಯ ಪುಡಿಯೊಡನೆ ಲಾರಿಗೆ ಬೀಳುತ್ತದೆ. ಅಂಥ ಮನೆಯನ್ನು ಬಿಟ್ಟುಕೊಡುವವರಲ್ಲಿ ನನ್ನದೊಂದು ವಿನಂತಿ. ಕೀಲಿಕೈ ಒಪ್ಪಿಸುವ ಮೊದಲು ಬಲಿತ ಕಡ್ಡಿಯೊಂದನ್ನು ಗೇಣುದ್ದ, ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಒಸರುವ ರಸವನ್ನು ತೊಳೆದು, ಕೆಳಗಿನ ಎಲೆಗಳನ್ನು ತೆಗೆದು, ಮೇಲಿನವನ್ನು ಅರ್ಧಕ್ಕೆ ಕತ್ತರಿಸಿ, ಒದ್ದೆ ಮರಳಿನಲ್ಲಿ ಎರಡು ಗಿಣ್ಣು ಮುಳುಗುವಂತೆ ನೆರಳಿನಲ್ಲಿ ನೆಡಿ. ಮುಂಗಾರಿನ ದಿನಗಳಾದರೆ ಒಂದೂವರೆ ತಿಂಗಳೊಳಗೆ ಬೇರು ಬರುತ್ತದೆ. ಆಮೇಲೆ ತೂತಿನ ಮೇಲೆ ಬೋಕಿಯಿಟ್ಟ ಕುಂಡದಲ್ಲಿ ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಸಮಸಮವಾಗಿ ಬೆರಸಿ ತುಂಬಿ, ಹೊಸ ಮನೆಯ ಬಾಲ್ಕನಿಯಲ್ಲಿ ಬಿಸಿಲು ಬೀಳುವೆಡೆ ಇಡಿ. ನೆರೆಯವರು ಕೇಳಿದರೆ ಅವರಿಗೂ ಒಂದು ಕಡ್ಡಿ ಕೊಡಿ.